ಅಜ್ಜಿ, ಮಾವ, ಚಿಕ್ಕಮ್ಮನ ಮನೆಯಲ್ಲಿ ಬೆಳೆಯುವ ಮಕ್ಕಳು: ಕಾಸರಗೋಡಿನ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಅಮ್ಮ ತೀರಿಕೊಂಡಿರಬಹುದು. ಒಬ್ಬರು ಬಿಟ್ಟು ಹೋಗಿರಬಹುದು. ಕಾಯಿಲೆ, ಕುಡಿತ, ಜೈಲು, ಗಲ್ಫಿನ ಕೆಲಸ, ಕಾರಣ ಯಾವುದಾದರೂ ಇರಬಹುದು. ಮಗು ಮಾತ್ರ ಈಗ ನಿಮ್ಮ ಮನೆಯಲ್ಲಿದೆ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಇಂಥ ಮನೆಗಳಿಗೆ ಹೋಗಿ ಬರುವ ಸಮಾಜ ಕಾರ್ಯಕರ್ತರಿಗೆ ಜಗಲಿಯಲ್ಲಿ ಕೂತಾಗ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಸಾಕು.

ನಮ್ಮ ಮನೆಯ ಮಗುವನ್ನು ನಾವೇ ಸಾಕುತ್ತಿದ್ದೇವೆ. ಇದರಲ್ಲಿ ಸರಕಾರಕ್ಕೆ ಎಂತ ಕೆಲಸ?

ಸಾಕುವ ಕೆಲಸ ನಿಮ್ಮದೇ. ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಪ್ರೀತಿ ಇದ್ದರೂ ಕಾಗದ ಇಲ್ಲದೆ ನಿಂತುಹೋಗುವ ಕೆಲಸಗಳು ಬಹಳ ಇವೆ. ಶಾಲೆಯಲ್ಲಿ ಪೋಷಕರ ಸಹಿ ಕೇಳುತ್ತಾರೆ. ಬ್ಯಾಂಕಿನಲ್ಲಿ ಗಾರ್ಡಿಯನ್ ಯಾರು ಅನ್ನುತ್ತಾರೆ. ಆಪರೇಷನ್‌ಗೆ ಮುಂಚೆ ಒಪ್ಪಿಗೆ ಬೇಕು ಅನ್ನುತ್ತಾರೆ. ಆಗ ಓಡಾಡುವುದಕ್ಕಿಂತ ಈಗಲೇ ಸರಿ ಮಾಡಿಕೊಂಡರೆ ಸುಲಭ.

ಇನ್ನೊಂದು ವಿಷಯವನ್ನು ನಾನು ಎಲ್ಲ ಮನೆಯಲ್ಲೂ ಹೇಳುತ್ತೇನೆ. ಬೀಡಿ ಕಟ್ಟಿ, ಕೂಲಿಗೆ ಹೋಗಿ ಮೊಮ್ಮಗುವನ್ನು ಸಾಕುವ ಅಜ್ಜಿಗೆ ಸಿಗುವ ನೆರವು ದಾನ ಅಲ್ಲ. ಆ ಮಗು ಮನೆಯವರ ಜೊತೆಯೇ ಬೆಳೆಯಬೇಕು ಎಂದು ಕಾನೂನು ಬಯಸುತ್ತದೆ. ಅದಕ್ಕಾಗಿಯೇ ಆ ಹಣ ಇಟ್ಟಿದ್ದಾರೆ. ಕೇಳಲು ಸಂಕೋಚ ಬೇಡ.

ಹೋಗಿ ಹೇಳಿದರೆ ಮಗುವನ್ನು ಕರೆದುಕೊಂಡು ಹೋಗಿ ಬಾಲಮಂದಿರಕ್ಕೆ ಹಾಕುತ್ತಾರಂತೆ. ನಿಜವಾ?

ಇಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಮನೆಗಳು ವರ್ಷಗಟ್ಟಲೆ ಸುಮ್ನೆ ಕೂತಿವೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2015ರ ಬಾಲನ್ಯಾಯ ಕಾಯ್ದೆ ಮಕ್ಕಳ ರಕ್ಷಣೆಗೆ ಇರುವ ಮುಖ್ಯ ಕಾನೂನು. ಅದರ 3ನೇ ಸೆಕ್ಷನ್‌ನಲ್ಲಿ ಕೆಲವು ತತ್ವಗಳನ್ನು ಬರೆದಿದ್ದಾರೆ. ಮಗುವಿನ ಆರೈಕೆಯ ಮೊದಲ ಹೊಣೆ ಕುಟುಂಬದ್ದು ಎಂಬುದು ಅದರಲ್ಲಿ ಒಂದು. ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ಮಾತ್ರ ಸಂಸ್ಥೆಗೆ ಕಳಿಸಬೇಕು ಎಂಬುದು ಇನ್ನೊಂದು. ಮಗುವನ್ನು ನೋಡಿಕೊಳ್ಳಲು ಒಪ್ಪಿದ, ಕೈಲಾದ ಅಜ್ಜಿಯೋ ಮಾವನೋ ಇದ್ದಾಗ ಬಾಲಮಂದಿರದ ಪ್ರಶ್ನೆಯೇ ಮೊದಲು ಏಳಬಾರದು. ಬಡತನ ಅದಕ್ಕೆ ಕಾರಣ ಆಗಲೇಬಾರದು.

ತೀರ್ಮಾನ ತೆಗೆದುಕೊಳ್ಳುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ ಇರಬೇಕು. ಸಮಿತಿ ಮಗುವಿನ ಮಾತನ್ನೂ ಕೇಳಬೇಕು. ಮಗುವನ್ನು ಸಂಬಂಧಿಕರ ಬಳಿಯೇ ಬಿಡಬಹುದು. ಆಗಾಗ ಬಂದು ನೋಡಲು ಒಬ್ಬ ಕಾರ್ಯಕರ್ತರನ್ನು ನೇಮಿಸಬಹುದು. ತಿಂಗಳ ನೆರವಿಗೆ ಶಿಫಾರಸು ಮಾಡಬಹುದು. ಮಗುವಿಗೆ ಹೊಡೆತ, ದುಡಿಮೆ, ಲೈಂಗಿಕ ದೌರ್ಜನ್ಯ ಇಂಥದ್ದೇನಾದರೂ ಆ ಮನೆಯಲ್ಲೇ ನಡೆಯುತ್ತಿದ್ದರೆ ಮಾತ್ರ ಬೇರೆ ಕಡೆ ಇಡುವ ಮಾತು ಬರುತ್ತದೆ. ಹಾಗೆ ಇಲ್ಲದ ಮನೆಯವರು ಧೈರ್ಯವಾಗಿ ಹೋಗಿ.

ಮನೆಗೆ ಬಂದವರು ಏನೆಲ್ಲ ನೋಡುತ್ತಾರೆ?

ನೆಲಕ್ಕೆ ಟೈಲ್ಸ್ ಹಾಕಿದೆಯಾ, ಮಾಡು ಹಂಚಿನದ್ದಾ ತಾರಸಿಯದ್ದಾ, ಇದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಮಗು ಎಲ್ಲಿ ಮಲಗುತ್ತದೆ, ಯಾರ ಪಕ್ಕ ಮಲಗುತ್ತದೆ, ಶಾಲೆಗೆ ದಿನಾ ಹೋಗುತ್ತದಾ, ಹೊಟ್ಟೆ ತುಂಬ ಊಟ ಇದೆಯಾ, ಹುಷಾರಿಲ್ಲದಾಗ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಇವನ್ನು ಕೇಳುತ್ತಾರೆ. ಮಗುವಿನ ಜೊತೆ ಸ್ವಲ್ಪ ಹೊತ್ತು ಬೇರೆಯಾಗಿ ಮಾತಾಡುತ್ತಾರೆ. ಅದನ್ನು ಅನುಮಾನ ಅಂದುಕೊಳ್ಳಬೇಡಿ. ದೊಡ್ಡವರ ಎದುರು ಮಕ್ಕಳು ಬಾಯಿ ಬಿಡುವುದು ಕಡಿಮೆ, ಅಲ್ವಾ?

ಇದನ್ನೆಲ್ಲ ಬರೆದು ಸಾಮಾಜಿಕ ತನಿಖಾ ವರದಿ ಎಂದು ಸಮಿತಿಗೆ ಕೊಡುತ್ತಾರೆ. ಸಾಲ ಇದ್ದರೆ ಇದೆ ಅನ್ನಿ. ಮಗುವಿನ ಅಪ್ಪ ಕುಡಿದು ಬಂದು ಗಲಾಟೆ ಮಾಡುವುದಿದ್ದರೆ ಅದನ್ನೂ ಹೇಳಿ. ಮುಚ್ಚಿಟ್ಟರೆ ಸಿಗಬೇಕಾದ ನೆರವೇ ತಪ್ಪುತ್ತದೆ.

ಮೊದಲು ಎಲ್ಲಿಗೆ ಹೋಗಬೇಕು?

ಹತ್ತಿರದ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಪಂಚಾಯತ್ ಮೆಂಬರ್, ಶಾಲೆಯ ಕೌನ್ಸೆಲರ್, ಇವರಲ್ಲಿ ನಿಮಗೆ ಪರಿಚಯ ಇರುವವರ ಹತ್ತಿರ ಹೇಳಿ. ನೇರವಾಗಿ ಹೋಗುವುದಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿದೆ. ದೇಲಂಪಾಡಿ, ವರ್ಕಾಡಿ ಕಡೆಯವರಿಗೆ ಅದು ಒಂದು ದಿನದ ಕೆಲಸ, ಒಂದು ದಿನದ ಕೂಲಿಯೂ ಹೋಗುತ್ತದೆ. ಹಾಗಾಗಿ ಮೊದಲು ಫೋನ್ ಮಾಡಿ, ಯಾವ ಕಾಗದ ತರಬೇಕು ಎಂದು ಕೇಳಿಕೊಂಡೇ ಹೊರಡಿ. ತುರ್ತು ಇದ್ದರೆ ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಇರುವ ಉಚಿತ ಸಂಖ್ಯೆ ಅದು.

ಅರ್ಜಿ ಎಲ್ಲ ಮಲಯಾಳದಲ್ಲಿದೆ. ನಮಗೆ ಓದಲು ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ?

ತೆಗೆದುಕೊಳ್ಳಬೇಕು. ಸಂವಿಧಾನದ 350ನೇ ವಿಧಿ ಪ್ರಕಾರ ಯಾರೇ ಆದರೂ ಕಷ್ಟ ಹೇಳಿಕೊಳ್ಳಲು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಆ ಪ್ರದೇಶದ ಸ್ಥಳೀಯ ಕಚೇರಿಗಳಿಗೂ ಅದು ಅನ್ವಯಿಸುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

ಆದರೆ ಕೆಲಸ ಬೇಗ ಆಗಬೇಕಾದರೆ ಒಂದು ಮಾತು ಕೇಳಿ. ಆನ್‌ಲೈನ್ ಫಾರ್ಮನ್ನು ಅಕ್ಷಯ ಕೇಂದ್ರದಲ್ಲಿ (ಸರಕಾರದ ಆನ್‌ಲೈನ್ ಸೇವೆ ಸಿಗುವ ಕಡೆ) ತುಂಬಿಸುವಾಗ ಕನ್ನಡ ಬಲ್ಲವರು ಅಲ್ಲಿದ್ದರೆ ಅವರಿಂದಲೇ ಮಾಡಿಸಿ. ಮಗುವಿನ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಬರುವಂತೆ ನೋಡಿಕೊಳ್ಳಿ. ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಹೆಸರಿನ ಒಂದು ಅಕ್ಷರ ಬದಲಾದರೂ ಮುಂದೆ ತೊಂದರೆ. ಏನು ಬರೆದಿದೆ ಎಂದು ಓದಿಸಿ ಕೇಳದೆ ಎಲ್ಲೂ ಸಹಿ ಹಾಕಬೇಡಿ.

ತಿಂಗಳಿಗೆ ಇಷ್ಟು ಎಂದು ಹಣ ಸಿಗುತ್ತದಾ?

ಎರಡು ಮುಖ್ಯ ದಾರಿ ಇದೆ.

ಮೊದಲನೆಯದು ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್). ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಿಂದೆ ಇದು 2,000 ಇತ್ತು. ಹೆತ್ತವರಿಲ್ಲದೆ ಸಂಬಂಧಿಕರ ಜೊತೆ ಇರುವ ಮಕ್ಕಳನ್ನು ಮಾರ್ಗಸೂಚಿಯಲ್ಲೇ ಹೆಸರಿಸಿದ್ದಾರೆ. ತಾಯಿ ವಿಧವೆ ಆಗಿದ್ದರೆ, ವಿಚ್ಛೇದನ ಆಗಿದ್ದರೆ, ಮನೆಯವರು ಅವಳನ್ನು ಕೈಬಿಟ್ಟಿದ್ದರೆ, ಹೆತ್ತವರಿಗೆ ಮಾರಕ ಕಾಯಿಲೆ ಇದ್ದರೆ, ಅಪಘಾತದಿಂದ ದುಡಿಯಲು ಆಗದಿದ್ದರೆ ಅಂಥ ಮಕ್ಕಳಿಗೂ ಸಿಗುತ್ತದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿಯನ್ನು ಜಿಲ್ಲೆಯ ಒಂದು ಸಮಿತಿ ನೋಡಿ ಮಂಜೂರು ಮಾಡುತ್ತದೆ. ಮಗು ಶಾಲೆಗೆ ಸರಿಯಾಗಿ ಹೋಗುತ್ತಿರಬೇಕು. ಪೂರ್ತಿ ಹಾಸ್ಟೆಲಿಗೆ ಸೇರಿಸಿದರೆ ಈ ನೆರವು ನಿಲ್ಲುತ್ತದೆ. ಅರ್ಜಿ ಹಾಕಿದವರಿಗೆಲ್ಲ ಮರುದಿನವೇ ಸಿಗುವಂಥದ್ದಲ್ಲ. ಸಿಗಲಿಲ್ಲ ಎಂದು ಬಿಡಬೇಡಿ, ವಿಚಾರಿಸುತ್ತಾ ಇರಿ.

ಎರಡನೆಯದು ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ ಸ್ನೇಹಪೂರ್ವಂ. ಹೆತ್ತವರಲ್ಲಿ ಇಬ್ಬರೂ ಅಥವಾ ಒಬ್ಬರು ತೀರಿಕೊಂಡು, ಮನೆಯಲ್ಲೇ ಬೆಳೆಯುವ ಬಡ ಮಕ್ಕಳಿಗಾಗಿ ಬಂದ ಯೋಜನೆ ಇದು. 5ನೇ ತರಗತಿವರೆಗಿನವರಿಗೆ ತಿಂಗಳಿಗೆ 300, 6ರಿಂದ 10ನೇ ತರಗತಿಗೆ 500, ಪ್ಲಸ್ ಟುಗೆ 750, ಡಿಗ್ರಿಗೆ 1,000 ರೂಪಾಯಿ ಎಂದು ಯೋಜನೆಯಲ್ಲಿ ನಿಗದಿ ಮಾಡಿದ್ದಾರೆ. ಅರ್ಜಿ ಹೋಗುವುದು ಶಾಲೆಯ ಮುಖ್ಯಸ್ಥರ ಮೂಲಕ. ಹಾಗಾಗಿ ಹೆಡ್‌ಮಾಸ್ಟರಿಗೆ ಮಗುವಿನ ಮನೆಯ ಸ್ಥಿತಿ ಗೊತ್ತಿರಲೇಬೇಕು. ನಾಚಿಕೆಗೆ ಹೇಳದೆ ಇದ್ದರೆ ಅವರಿಗೆ ಹೇಗೆ ತಿಳಿಯಬೇಕು?

ಕೋವಿಡ್‌ನಲ್ಲಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಪಿಎಂ ಕೇರ್ಸ್ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ ರೂಪಾಯಿ ಸಿಗುತ್ತದೆ. ಅದರಲ್ಲಿ ಹೆಸರು ಇರುವ ಮಕ್ಕಳ ಪಾಸ್‌ಬುಕ್, ಕಾಗದ ಜೋಪಾನ ಮಾಡಿ.

ಮಗುವಿನ ಅಪ್ಪ ಮಂಗಳೂರಿನಲ್ಲಿ ಕಂಪೆನಿ ಕೆಲಸದಲ್ಲಿದ್ದ. ಅಪಘಾತದಲ್ಲಿ ಹೋದ. ಅವನ ಹಣ ಮಗುವಿಗೆ ಬರುತ್ತದಾ?

ಬರುತ್ತದೆ, ಆದರೆ ಕೇಳಬೇಕು. ಪಿಎಫ್ ಕಡಿತ ಆಗುತ್ತಿದ್ದ ಕೆಲಸ ಆಗಿದ್ದರೆ ನೌಕರರ ಪಿಂಚಣಿ ಯೋಜನೆಯಲ್ಲಿ ಮಕ್ಕಳಿಗೆ 25 ವರ್ಷ ತುಂಬುವ ತನಕ ಪಿಂಚಣಿ ಇದೆ. ತಾಯಿಯೂ ಇಲ್ಲದ ಮಗುವಿಗೆ ಜಾಸ್ತಿ, ತಿಂಗಳಿಗೆ ಕನಿಷ್ಠ 750 ರೂಪಾಯಿ. ಬೀಡಿ, ಕಟ್ಟಡ ಕೆಲಸದವರಾಗಿದ್ದರೆ ಕಾರ್ಮಿಕರ ಕ್ಷೇಮನಿಧಿಯಲ್ಲಿ ಸದಸ್ಯತ್ವ ಇತ್ತಾ ಎಂದು ನೋಡಿ. ರಸ್ತೆ ಅಪಘಾತದ ಪರಿಹಾರಕ್ಕೆ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಎಂದು ಮೋಟಾರು ವಾಹನ ಕಾಯ್ದೆಯಲ್ಲಿದೆ. ಬೊಜ್ಜ (ಉತ್ತರಕ್ರಿಯೆ) ಮುಗಿಯಲಿ, ಮಳೆಗಾಲ ಕಳೆಯಲಿ ಎಂದು ಕೂತರೆ ಆರು ತಿಂಗಳು ಹೋಗುವುದು ಗೊತ್ತೇ ಆಗುವುದಿಲ್ಲ.

ಮಗುವಿಗೆ ಬಂದ ಪರಿಹಾರದ ಹಣವನ್ನು ಅಪಘಾತದ ಕೇಸು ನೋಡುವ ಟ್ರಿಬ್ಯೂನಲ್ ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ. ಅದು ಮಗುವಿನದ್ದು. ಮನೆ ರಿಪೇರಿಗೆ, ಮಾವನ ಮಗಳ ಮದುವೆಗೆ ಅಲ್ಲ. ಕಠಿಣವಾಗಿ ಹೇಳಿದೆ ಅನಿಸಬಹುದು. ಕುಟುಂಬಗಳು ಒಡೆಯುವುದು ಹೆಚ್ಚಾಗಿ ಇಲ್ಲೇ.

ನಮ್ಮಲ್ಲಿ ಸೋದರಮಾವನೇ ಹಿರಿಯ. ಅವನೇ ಗಾರ್ಡಿಯನ್ ಆದಂತೆ ಅಲ್ಲವೇ?

ತುಳುನಾಡಿನಲ್ಲಿ ಅಕ್ಕ ತಂಗಿಯರ ಮಕ್ಕಳು ಮಾವನ ಕಣ್ಗಾವಲಿನಲ್ಲಿ ಬೆಳೆದದ್ದು ಹೊಸತಲ್ಲ. ಅಳಿಯಸಂತಾನದ ಮನೆಗಳಲ್ಲಿ ಅದೇ ಕ್ರಮ. ಆ ರೂಢಿಯಿಂದ ಇವತ್ತಿಗೂ ಎಷ್ಟೋ ಮಕ್ಕಳಿಗೆ ನೆರಳು ಸಿಕ್ಕಿದೆ. ಆದರೆ ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ಕಾನೂನು 1976ರಲ್ಲಿ ತೆಗೆದುಹಾಕಿತು. ಈಗ ಹಿಂದೂ ಮಗುವಿಗೆ ಸಹಜ ಗಾರ್ಡಿಯನ್ ತಂದೆ, ಅವರ ನಂತರ ತಾಯಿ. ಇಬ್ಬರೂ ಇಲ್ಲದಿದ್ದರೆ ಮಾವನೋ ಅಜ್ಜನೋ ತಾನಾಗಿಯೇ ಕಾನೂನಿನ ಗಾರ್ಡಿಯನ್ ಆಗುವುದಿಲ್ಲ. ಕೋರ್ಟು ನೇಮಿಸಬೇಕು. ಮುಸ್ಲಿಂ ಕುಟುಂಬಗಳಲ್ಲಿ ವೈಯಕ್ತಿಕ ಕಾನೂನಿನ ಲೆಕ್ಕ ಬೇರೆ, ಅಲ್ಲಿ ತಂದೆಯ ನಂತರ ಆಸ್ತಿಯ ವಿಷಯದಲ್ಲಿ ತಂದೆಯ ತಂದೆಗೆ ಸ್ಥಾನ ಇದೆ.

ಹಾಗಾದರೆ ಕೋರ್ಟಿಗೆ ಹೋಗಲೇಬೇಕಾ?

ಎಲ್ಲರೂ ಹೋಗಬೇಕಾಗಿಲ್ಲ. ಮಗುವಿನ ಹೆಸರಿನಲ್ಲಿ ಜಾಗ, ದೊಡ್ಡ ಮೊತ್ತ, ಪಾಸ್‌ಪೋರ್ಟ್ ಕೆಲಸ ಇದ್ದರೆ ಅಥವಾ ಮಗು ಯಾರ ಬಳಿ ಇರಬೇಕು ಎಂಬ ತಕರಾರು ಇದ್ದರೆ ಹೋಗುವುದು ಒಳ್ಳೆಯದು. ಶಾಲೆ, ರೇಷನ್, ತಿಂಗಳ ನೆರವಿನ ಮಟ್ಟಿಗೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಇದ್ದರೆ ಬಹಳಷ್ಟು ಕೆಲಸ ನಡೆಯುತ್ತದೆ.

ಕೋರ್ಟಿಗೆ ಹೋಗುವುದಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿನ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಮಗು ಬದಿಯಡ್ಕದಲ್ಲಿ ನಿಮ್ಮ ಜೊತೆ ಇದ್ದರೆ, ಅಪ್ಪನ ಊರು ಪುತ್ತೂರು ಆದರೂ ಕೇಸು ಕಾಸರಗೋಡಿನದ್ದೇ. ಮಗುವಿನ ಹಿತ ಯಾವುದು ಎಂಬುದನ್ನೇ ಜಡ್ಜ್ ನೋಡುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು. ಗಾರ್ಡಿಯನ್ ಆದ ಮೇಲೂ ಕೋರ್ಟಿನ ಅನುಮತಿ ಇಲ್ಲದೆ ಮಗುವಿನ ಜಾಗ ಮಾರುವ ಹಾಗಿಲ್ಲ.

ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಸ್ಟಾಂಪ್ ಪೇಪರಿನಲ್ಲಿ ಬರೆದು ದತ್ತು ತೆಗೆದುಕೊಂಡರೆ ಆಗದಾ?

ಅದು ನಿಲ್ಲುವುದಿಲ್ಲ. ಹಿಂದೂ ದತ್ತಕ ಕಾಯ್ದೆಯಲ್ಲಿ ಮಗುವನ್ನು ಕೊಡುವ ಹಕ್ಕು ತಂದೆ ತಾಯಿಗೆ ಮಾತ್ರ. ಇಬ್ಬರೂ ತೀರಿಕೊಂಡಿದ್ದರೆ ಗಾರ್ಡಿಯನ್ ಕೊಡಬಹುದು, ಅದೂ ಕೋರ್ಟಿನ ಅನುಮತಿ ಮೊದಲೇ ಪಡೆದು. ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರಿಗೆ ಬೇರೆ ದಾರಿ ಇದೆ. ಅಜ್ಜ ಅಜ್ಜಿ, ಚಿಕ್ಕಪ್ಪ ದೊಡ್ಡಪ್ಪ, ಮಾವ, ಅತ್ತೆ, ಚಿಕ್ಕಮ್ಮ ದೊಡ್ಡಮ್ಮ ಅದರಲ್ಲಿ ಬರುತ್ತಾರೆ. ಯಾವ ಧರ್ಮದವರಿಗೂ ಆಗುತ್ತದೆ. 2022ರ ಸೆಪ್ಟೆಂಬರ್ 1ರಿಂದ ಅದರ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ.

ನನ್ನ ಅಭಿಪ್ರಾಯ ಕೇಳಿದರೆ, ಅಜ್ಜಿಗೆ ದತ್ತು ಬೇಕಾಗುವುದು ಅಪರೂಪ. ಅಜ್ಜಿ ಅಜ್ಜಿಯಾಗಿಯೇ ಇರಲಿ. ಅಪ್ಪ ಅಮ್ಮನ ಹೆಸರು ಮಗುವಿನ ದಾಖಲೆಯಲ್ಲಿ ಉಳಿಯಲಿ. ಮಕ್ಕಳಿಲ್ಲದ ಚಿಕ್ಕಮ್ಮ ಚಿಕ್ಕಪ್ಪ ತಮ್ಮದೇ ಮಗುವಾಗಿ ಬೆಳೆಸಲು ಮನಸ್ಸು ಮಾಡಿದ್ದರೆ ಮಾತು ಬೇರೆ. ಆಗಲೂ ಮಗುವಿನಿಂದ ವಿಷಯ ಮುಚ್ಚಿಡಬೇಡಿ.

ಮಗು ಸುಳ್ಯದಲ್ಲಿ ಓದುತ್ತಿತ್ತು. ಈಗ ಅಡೂರಿಗೆ ಬಂದಿದೆ. ಟಿಸಿ ಇಲ್ಲ. ಶಾಲೆಗೆ ಸೇರಿಸಿಕೊಳ್ಳುತ್ತಾರಾ?

ಸೇರಿಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗು ರಾಜ್ಯದ ಒಳಗಾಗಲಿ ಹೊರಗಾಗಲಿ ಶಾಲೆ ಬದಲಿಸಬಹುದು. ಟಿಸಿ ತಡವಾಯಿತು ಎಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಎಂದೂ ನಿರಾಕರಿಸುವಂತಿಲ್ಲ. ಈ ಕಡೆ ಕನ್ನಡ ಮಾಧ್ಯಮದ ಸರಕಾರಿ, ಅನುದಾನಿತ ಶಾಲೆಗಳಿವೆ. ಅಮ್ಮನನ್ನು ಕಳೆದುಕೊಂಡ ಮಗುವಿಗೆ ಪಾಠದ ಭಾಷೆಯೂ ಏಕಾಏಕಿ ಬದಲಾದರೆ ಅದು ಇನ್ನೊಂದು ಹೊರೆ. ಆದಷ್ಟೂ ಮೊದಲ ಒಂದೆರಡು ವರ್ಷ ಪರಿಚಿತ ಭಾಷೆಯಲ್ಲೇ ಓದಲಿ. ಮಲಯಾಳ ಆಟದ ಬಯಲಿನಲ್ಲಿ ಬೇಗ ಬರುತ್ತದೆ.

ಜನನ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್?

ಮೊದಲು ಜನನ ಪ್ರಮಾಣಪತ್ರ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಅದೇ ದಾಖಲೆ. ಮಗು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಾದರೆ ಅದು ಕರ್ನಾಟಕದಿಂದಲೇ ಬರಬೇಕು. ಆಧಾರ್‌ನಲ್ಲಿ 5 ಮತ್ತು 15 ವರ್ಷಕ್ಕೆ ಬೆರಳಚ್ಚು ಹೊಸತು ಮಾಡಿಸಿ. ಮಗುವಿನ ಹೆಸರು ಹಳೆ ಕಾರ್ಡಿನಿಂದ ತೆಗೆದು ನಿಮ್ಮ ಕಾರ್ಡಿಗೆ ಸೇರಿಸಿ. ಹಳದಿ, ಗುಲಾಬಿ ಕಾರ್ಡಾದರೆ ಅಕ್ಕಿಯ ಪಾಲು ಮಾತ್ರ ಅಲ್ಲ, ಬೇರೆ ಸವಲತ್ತಿಗೂ ಬೇಕಾಗುತ್ತದೆ. ಹೆತ್ತವರ ಮರಣ ಪ್ರಮಾಣಪತ್ರದ ನಾಲ್ಕೈದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.

ಮೊಮ್ಮಗಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಮಾಡಿದ್ದೇನೆ. ತೊಂದರೆ ಇದೆಯಾ?

ಕಾನೂನಿನ ಗಾರ್ಡಿಯನ್ ಅಲ್ಲದ ಅಜ್ಜ ಅಜ್ಜಿ ತೆರೆದ ಖಾತೆಗಳನ್ನು ಹೆತ್ತವರ ಅಥವಾ ಕಾನೂನಿನ ಗಾರ್ಡಿಯನ್ ಹೆಸರಿಗೆ ಬದಲಿಸಬೇಕು ಎಂಬ ನಿಯಮ 2024ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ತಾಯಿ ಬದುಕಿದ್ದರೆ ಅವರ ಹೆಸರಿಗೆ ಮಾಡಿಸಿ. ಯಾರೂ ಇಲ್ಲದಿದ್ದರೆ ಕೋರ್ಟಿನಿಂದ ಗಾರ್ಡಿಯನ್ ಆದೇಶ ತೆಗೆದುಕೊಳ್ಳಲು ಇದೂ ಒಂದು ಕಾರಣ.

ಮಗನೂ ಸೊಸೆಯೂ ಗಲ್ಫಿನಲ್ಲಿದ್ದಾರೆ. ಮಕ್ಕಳು ನಮ್ಮ ಹತ್ತಿರ. ನಮಗೂ ಕಾಗದ ಬೇಕಾ?

ಬೇಕು. ಶಾಲೆ, ಚಿಕಿತ್ಸೆ, ಪ್ರಯಾಣದ ವಿಷಯದಲ್ಲಿ ನೀವು ತೀರ್ಮಾನ ಮಾಡಬಹುದು ಎಂದು ಇಬ್ಬರೂ ಸಹಿ ಮಾಡಿದ ಪತ್ರ ಇರಲಿ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ್ದರೆ ಇನ್ನೂ ಒಳ್ಳೆಯದು. ಮಂಜೇಶ್ವರ, ಕುಂಬಳೆ ಕಡೆಯವರು ದೊಡ್ಡ ಕಾಯಿಲೆಗೆ ಮಂಗಳೂರಿಗೇ ಓಡುವುದು. ರಾತ್ರಿ ಹೊತ್ತು ಆಪರೇಷನ್ ಆಗಬೇಕು ಅಂದಾಗ ಫೋನ್ ಸಿಗದೆ ಹೋಗಬಹುದು. ಮಗುವಿನ ರಕ್ತದ ಗುಂಪು, ಅಲರ್ಜಿ, ಚುಚ್ಚುಮದ್ದಿನ ಕಾರ್ಡು ಆ ಪತ್ರದ ಜೊತೆಗೇ ಇಡಿ.

ಇಂಥ ಮಕ್ಕಳಿಗೆ ದುಡ್ಡಿನ ಕೊರತೆ ಇರುವುದಿಲ್ಲ, ನಿಜ. ಆದರೆ ಅಮ್ಮನ ಮುಖ ಮೊಬೈಲಿನಲ್ಲಿ ಮಾತ್ರ ನೋಡುವ ಮಗುವಿಗೂ ಕೊರಗು ಇರುತ್ತದೆ. ಅದನ್ನು ಕೊಬ್ಬು ಎಂದು ಬೈಯಬೇಡಿ.

ಅಮ್ಮ ಎಲ್ಲಿ ಎಂದು ಮಗು ಕೇಳುತ್ತದೆ. ಏನು ಹೇಳಲಿ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹೆಚ್ಚಿನವರು "ಊರಿಗೆ ಹೋಗಿದ್ದಾಳೆ", "ದೇವರು ಕರೆದುಕೊಂಡ", "ಕೆಲಸಕ್ಕೆ ಹೋಗಿದ್ದಾಳೆ, ಬರುತ್ತಾಳೆ" ಎಂದು ಹೇಳುತ್ತಾರೆ. ಮಗು ಅಳಬಾರದು ಎಂಬ ಮಮತೆಯಿಂದಲೇ ಹೇಳುವುದು. ಆದರೆ ಬರುತ್ತಾಳೆ ಎಂದರೆ ಮಗು ಕಾಯುತ್ತದೆ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಗೇಟಿಗೆ ಓಡುತ್ತದೆ. ಆಮೇಲೆ ಶಾಲೆಯಲ್ಲಿ ಯಾರೋ ಒಬ್ಬ ಹುಡುಗ ನಿಜ ಹೇಳಿಬಿಡುತ್ತಾನೆ. ಅವತ್ತು ಮಗು ಅಮ್ಮನ ಜೊತೆಗೆ ನಿಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ.

ನಿಜವನ್ನೇ ಹೇಳಿ. ವಯಸ್ಸಿಗೆ ತಕ್ಕಷ್ಟು ಹೇಳಿ. ಸಣ್ಣ ಮಗುವಿಗೆ, "ಅಮ್ಮನಿಗೆ ತುಂಬಾ ಜೋರು ಕಾಯಿಲೆ ಬಂತು. ಡಾಕ್ಟರು ಪ್ರಯತ್ನ ಮಾಡಿದರು, ಆಗಲಿಲ್ಲ. ಅಮ್ಮ ಸತ್ತುಹೋದಳು. ಇನ್ನು ಬರುವುದಿಲ್ಲ. ನಾನು ನಿನ್ನ ಜೊತೆ ಇದ್ದೇನೆ" ಎಂದರೆ ಸಾಕು. ನಿದ್ದೆ ಮಾಡುತ್ತಿದ್ದಾಳೆ ಅನ್ನಬೇಡಿ. ಮಗು ಮಲಗಲು ಹೆದರುತ್ತದೆ. ಅದೇ ಪ್ರಶ್ನೆಯನ್ನು ಮಗು ಮತ್ತೆ ಮತ್ತೆ ಕೇಳಿದರೆ ಬೇಸರ ಮಾಡಬೇಡಿ. ಪ್ರತಿ ಸಲವೂ ಅದೇ ಉತ್ತರ ಕೊಡಿ.

ಆತ್ಮಹತ್ಯೆ ಆಗಿದ್ದರೆ ಹೇಗೆ ಸತ್ತರು ಎಂಬ ವಿವರ ಸಣ್ಣ ಮಗುವಿಗೆ ಬೇಡ. ಆದರೆ "ನಿನ್ನಿಂದ ಹೀಗಾದದ್ದಲ್ಲ" ಎಂಬ ಮಾತು ಬೇಕೇ ಬೇಕು. ನಾನು ಹಟ ಮಾಡಿದ್ದಕ್ಕೆ ಹೋದರು ಎಂದು ಮನಸ್ಸಿನಲ್ಲೇ ಅಂದುಕೊಂಡ ಮಕ್ಕಳು ಬಹಳ. ಅಪ್ಪ ಜೈಲಿನಲ್ಲಿದ್ದರೆ, ಅಮ್ಮ ಬಿಟ್ಟು ಹೋಗಿದ್ದರೆ, ಅವರನ್ನು ಮಗುವಿನ ಎದುರು ಬೈಯಬೇಡಿ. ಎಷ್ಟೇ ಸಿಟ್ಟಿದ್ದರೂ ಬೇಡ. ಅವರು ತಪ್ಪು ಮಾಡಿದ್ದಾರೆ ಅನ್ನಬಹುದು. ಕೆಟ್ಟ ರಕ್ತ, ಅವನ ಬುದ್ಧಿಯೇ ಬಂದಿದೆ ಎನ್ನುವ ಮಾತು ಮಗುವಿನೊಳಗೆ ಜೀವನ ಪೂರ್ತಿ ಉಳಿಯುತ್ತದೆ.

ಬೊಜ್ಜದ ದಿನ ಮಕ್ಕಳನ್ನು ನೆರೆಮನೆಗೆ ಕಳಿಸಿಬಿಡುವ ಕ್ರಮ ಇದೆ. ಬರಲು ಇಷ್ಟ ಇದ್ದರೆ ಮಗುವೂ ಇರಲಿ. ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ಅಮ್ಮನಿಗೆ ಇಷ್ಟವಾದ ತಿಂಡಿಯನ್ನು ಮಗುವಿನ ಕೈಯಿಂದಲೇ ಇಡಿಸಿ. ಫೋಟೋ ಗೋಡೆಯಲ್ಲಿ ಇರಲಿ. ಅವರ ಬಗ್ಗೆ ಮಾತಾಡಬಹುದು ಎಂದು ಮಗುವಿಗೆ ತಿಳಿಯಬೇಕು.

ಬಂದ ಮೇಲೆ ಹಾಸಿಗೆ ಒದ್ದೆ ಮಾಡುತ್ತಾನೆ, ಸುಮ್ನೆ ಹೊಡೆಯುತ್ತಾನೆ. ಹೀಗಿರಲಿಲ್ಲ.

ದುಃಖ ಮಕ್ಕಳಲ್ಲಿ ಹೀಗೇ ಹೊರಗೆ ಬರುತ್ತದೆ. ಹೊಡೆದು ಸರಿ ಮಾಡಲು ಆಗುವುದಿಲ್ಲ. ಊಟ, ನಿದ್ದೆ, ಶಾಲೆ ದಿನಾ ಒಂದೇ ಹೊತ್ತಿಗೆ ಆಗಲಿ. ಮಲಗುವಾಗ ಯಾರಾದರೂ ಪಕ್ಕ ಇರಲಿ. ಕುಟುಂಬಶ್ರೀಯವರು ನಡೆಸುವ ಮಕ್ಕಳ ಕೂಟ ಬಾಲಸಭೆಗೆ ಕಳಿಸಿ, ಓರಗೆಯವರ ಜೊತೆ ಬೆರೆಯಲಿ. ತಿಂಗಳುಗಟ್ಟಲೆ ಮಾತೇ ಆಡದಿದ್ದರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ಕಾಯಬೇಡಿ. ಶಾಲೆಯ ಕೌನ್ಸೆಲರ್ ಅಥವಾ ಡಾಕ್ಟರನ್ನು ಕಾಣಿ.

ನಾಲ್ಕು ವರ್ಷ ಮುಖ ತೋರಿಸದ ತಂದೆ ಈಗ ಬಂದು ಮಗು ಕೊಡಿ ಎನ್ನುತ್ತಾನೆ.

ಸಿಟ್ಟು ಬರುವುದು ಸಹಜ. ಆದರೆ ಮಗುವನ್ನು ಅಡಗಿಸಿಡಬೇಡಿ, ಗೇಟಿನಲ್ಲಿ ಕೈಕೈ ಮಿಲಾಯಿಸಬೇಡಿ. ತಂದೆಗೆ ಕಾನೂನಿನಲ್ಲಿ ಸ್ಥಾನ ಇದೆ. ಅದರ ಜೊತೆಗೇ ಮಗುವಿನ ಹಿತ ಅದಕ್ಕಿಂತ ಮೇಲೆ ಎಂಬುದೂ ಇದೆ. ಮಕ್ಕಳ ಕಲ್ಯಾಣ ಸಮಿತಿಗೋ ಕುಟುಂಬ ನ್ಯಾಯಾಲಯಕ್ಕೋ ವಿಷಯ ಹೋಗಲಿ. ಇಷ್ಟು ವರ್ಷ ನೀವು ಸಾಕಿದ್ದಕ್ಕೆ ಶಾಲೆಯ ದಾಖಲೆ, ಆಸ್ಪತ್ರೆ ಚೀಟಿ ಎಲ್ಲ ಸಾಕ್ಷಿ. ಮೊದಲು ವಾರಕ್ಕೊಮ್ಮೆ ಬಂದು ಭೇಟಿಯಾಗಲಿ, ಮಗು ಹೊಂದಿಕೊಳ್ಳಲಿ ಎಂಬಂಥ ಏರ್ಪಾಡು ಮಾಡಿಕೊಳ್ಳಬಹುದು. ತಂದೆ ನಿಜಕ್ಕೂ ಸರಿಯಾಗಿದ್ದರೆ ಅದು ಮಗುವಿಗೆ ಲಾಭವೇ.

ಮನೆಯವರೇ ಒಬ್ಬರು ಮಗುವಿನ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದಾರೆ ಎಂಬ ಅನುಮಾನ ಇದೆ.

ಕೂಡಲೇ 1098 ಅಥವಾ ಪೊಲೀಸರಿಗೆ ತಿಳಿಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಿದ್ದೂ ಹೇಳದಿರುವುದು ಅಪರಾಧ. ಮನೆತನದ ಮಾನ, ಪಂಚಾಯ್ತಿಕೆ, ರಾಜಿ ಯಾವುದೂ ಇಲ್ಲಿ ಬೇಡ. ಮಗುವನ್ನು ಹತ್ತು ಜನ ಹತ್ತು ಸಲ ಪ್ರಶ್ನೆ ಮಾಡಬೇಡಿ. "ನೀನು ಹೇಳಿದ್ದು ಒಳ್ಳೆಯದಾಯಿತು" ಎನ್ನಿ, ಅಷ್ಟು ಸಾಕು.

ಮೊಮ್ಮಗನ ಹೆಸರು ಎಂಡೋಸಲ್ಫಾನ್ ಪಟ್ಟಿಯಲ್ಲಿದೆ. ಅವನಿಗೆ 18 ಆಗುತ್ತಾ ಬಂತು. ಮಾತು ಬರುವುದಿಲ್ಲ. ಮುಂದೆ?

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸಿದ ಊರುಗಳಲ್ಲಿ, ಎಣ್ಮಕಜೆಯಂಥ ಕಡೆ, ಅಜ್ಜಿಯರೇ ಇಂಥ ಮಕ್ಕಳನ್ನು ಎತ್ತಿ ಸಾಕಿದ ಮನೆಗಳಿವೆ. ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಹೇಳಿತ್ತು. ಅದು ಬಂದಿಲ್ಲದಿದ್ದರೆ ಕಲೆಕ್ಟರೇಟಿನಲ್ಲಿ ವಿಚಾರಿಸಿ.

18 ತುಂಬಿದ ಮೇಲೆ ಅವನ ಪರವಾಗಿ ಸಹಿ ಹಾಕಲು ಯಾರಿಗೂ ತಾನಾಗಿ ಹಕ್ಕು ಬರುವುದಿಲ್ಲ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹು ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಗಾರ್ಡಿಯನ್ ನೇಮಿಸುತ್ತಾರೆ. ಅದನ್ನು ಮಾಡುವುದು ಕಲೆಕ್ಟರ್ ಮುಖ್ಯಸ್ಥರಾಗಿರುವ ಸ್ಥಳೀಯ ಸಮಿತಿ. ಕೋರ್ಟು ಬೇಡ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಒಂದು ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದ ಆಶ್ವಾಸಕಿರಣಂ ಎಂಬ ನೆರವಿನ ಯೋಜನೆ ಇದೆ. ಹಗಲು ಹೊತ್ತು ಇಂಥ ಮಕ್ಕಳಿಗಾಗಿಯೇ ಇರುವ ಬಡ್ಸ್ ಶಾಲೆಗೆ ಕಳಿಸಿ. ಅವನಿಗೂ ಒಳ್ಳೆಯದು, ನಿಮ್ಮ ಸೊಂಟಕ್ಕೂ ಸ್ವಲ್ಪ ಬಿಡುವು.

ನನಗೆ ಎಪ್ಪತ್ತು ದಾಟಿತು. ನಾನು ಹೋದ ಮೇಲೆ ಈ ಮಗುವಿಗೆ ಯಾರು?

ಈ ಪ್ರಶ್ನೆಯನ್ನು ಅಜ್ಜಿಯರು ಮೆಲ್ಲಗೆ, ಮಗು ಆಚೆ ಹೋದ ಮೇಲೆ ಕೇಳುತ್ತಾರೆ. ಕೇಳುವುದೇ ಸರಿ. ಈಗಲೇ ಇನ್ನೊಬ್ಬರನ್ನು ಗೊತ್ತು ಮಾಡಿ. ಅವರು ಮಗುವಿಗೆ ಇಷ್ಟವಾದವರಿರಬೇಕು, ಬರೀ ಹತ್ತಿರದ ಸಂಬಂಧಿಕರಾದರೆ ಸಾಲದು. ರಜೆಯಲ್ಲಿ ಮಗು ಅವರ ಮನೆಗೆ ಹೋಗಿ ಬರಲಿ. ನಿಮ್ಮ ಇಷ್ಟವನ್ನು ಬರೆದು ಮಕ್ಕಳ ರಕ್ಷಣಾ ಘಟಕದ ಕಡತಕ್ಕೆ ಕೊಡಿ. ಕೋರ್ಟಿಗೆ ಹೋಗುವುದಿದ್ದರೆ ಆ ಕಿರಿಯರನ್ನೇ ಗಾರ್ಡಿಯನ್ ಮಾಡಿ, ಸಾಕುವುದು ನೀವಿಬ್ಬರೂ ಸೇರಿ ಮಾಡಬಹುದು.

ನಿಮ್ಮ ಸಕ್ಕರೆ ಕಾಯಿಲೆ ಮಾತ್ರೆ ಬಿಡಬೇಡಿ. ಮಗುವಿನ ಖರ್ಚು ಜಾಸ್ತಿ ಆಯಿತು ಎಂದು ತಮ್ಮ ಔಷಧ ನಿಲ್ಲಿಸಿದವರಿದ್ದಾರೆ. ನೀವು ಗಟ್ಟಿ ಇರುವುದೇ ಮಗುವಿಗೆ ದೊಡ್ಡ ಆಧಾರ. ನಿಮ್ಮ ಉಳಿದ ಮಕ್ಕಳು "ಅಮ್ಮ ನೋಡಿಕೊಳ್ಳುತ್ತಾಳೆ" ಎಂದು ಸುಮ್ಮನಿದ್ದರೆ ಅವರನ್ನು ಕೂರಿಸಿ, ಯಾರು ಏನು ಹೊರಬೇಕು ಎಂದು ಹಂಚಿ. ಆ ಮಾತುಕತೆಗೆ ಕಾರ್ಯಕರ್ತರನ್ನೂ ಕರೆಯಬಹುದು. ಹೊರಗಿನವರು ಒಬ್ಬರು ಕೂತರೆ ಮಾತು ಹದ ತಪ್ಪುವುದಿಲ್ಲ.

18 ವರ್ಷ ಆದ ಮೇಲೆ ಏನಾಗುತ್ತದೆ?

ಮಿಷನ್ ವಾತ್ಸಲ್ಯದ ತಿಂಗಳ ಹಣ ಆಗ ನಿಲ್ಲುತ್ತದೆ. ಕೋರ್ಟಿನ ಗಾರ್ಡಿಯನ್ ಆದೇಶವೂ ಮುಗಿಯುತ್ತದೆ. ಮಗುವಿನ ಹೆಸರಿನ ಠೇವಣಿ, ಜಾಗ ಅವರ ಕೈಗೆ ಬರುತ್ತದೆ. ಹಾಗಾಗಿ 16, 17ರಲ್ಲೇ ಬ್ಯಾಂಕ್ ಪಾಸ್‌ಬುಕ್ ಓದಲು ಕಲಿಸಿ, ಜಾಗದ ಕಾಗದ ತೋರಿಸಿ. ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು ಎಂಬ ಲೆಕ್ಕದ ಪುಸ್ತಕ ಇಟ್ಟಿದ್ದರೆ ಅವರ ಮುಂದೆ ಇಡಿ. ಮುಂದೆ ಓದುವುದಿದ್ದರೆ ಸ್ಕಾಲರ್‌ಶಿಪ್‌ಗೆ ಬೇಕಾಗುವ ಆದಾಯ, ಜಾತಿ ಪ್ರಮಾಣಪತ್ರಗಳಿಗೆ ಪ್ಲಸ್ ಟು ಪರೀಕ್ಷೆಗೆ ಮುಂಚೆಯೇ ವಿಲೇಜ್ ಆಫೀಸಿನಲ್ಲಿ ಅರ್ಜಿ ಹಾಕಿ. ರಿಸಲ್ಟ್ ಬಂದ ಮೇಲೆ ಅಲ್ಲಿ ಜನ ತುಂಬಿರುತ್ತಾರೆ.